ಬೆಲೆ ಏರದ ಪೇಟೆ

ರಾಮದುರ್ಗದ ಪೇಟೆಯಲ್ಲಿ ಹನ್ನೊಂದು ವಾರ ಜೋಳದ ಬೆಲೆ ಒಂದು ಪೈಸೆಯಷ್ಟೂ ಏರಲಿಲ್ಲ. ಬೈಲಹೊಂಗಲದಲ್ಲಿ ಏರಿತು, ಕಿತ್ತೂರಿನಲ್ಲಿ ಏರಿತು, ಸವದತ್ತಿಯಲ್ಲಂತೂ ಏಣಿ ಹಾಕಿಕೊಂಡು ಏರಿತು. ರಾಮದುರ್ಗದಲ್ಲಿ ಮಾತ್ರ ಇದ್ದಲ್ಲೇ ಇತ್ತು. ಇದು ಯಾರೋ ಹೇಳಿದ ಮಾತಲ್ಲ. ವಾರ ವಾರವೂ ದರಪಟ್ಟಿಯ ತಖ್ತೆಯಲ್ಲಿ ಬರೆದು ಕೆಳಗೆ ಸಹಿ ಹಾಕಿದವನು ನಾನೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಳೆ ಮೇಲಿಂದ ಮೇಲೆ ಕೈಕೊಟ್ಟಿತ್ತು. ಬೈಲಹೊಂಗಲದ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ನಾನು ಬೆಲೆ ಬರೆಯುವ ಗುಮಾಸ್ತ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾಲ್ಕು ಊರು, ಊರಿಗೊಂದು ಗೊತ್ತುಪಡಿಸಿದ ಅಂಗಡಿ, ವಾರಕ್ಕೊಂದು ಸಲ ಭೇಟಿ. ಜೋಳ, ತೊಗರಿಬೇಳೆ, ಶೇಂಗಾ ಎಣ್ಣೆ, ಬೆಲ್ಲ, ಉಪ್ಪು, ಸೀಮೆಎಣ್ಣೆ ಹೀಗೆ ಇಪ್ಪತ್ತೆಂಟು ಪದಾರ್ಥಗಳ ಚಿಲ್ಲರೆ ದರ ಕೇಳಿ ಬರೆದುಕೊಂಡು ಬರಬೇಕು. ನಿಯಮ ಬಹಳ ಕಟ್ಟುನಿಟ್ಟು. ಅದೇ ಅಂಗಡಿ, ಅದೇ ದರ್ಜೆಯ ಮಾಲು, ಅದೇ ಹೊತ್ತು. ಒಂದು ವಾರದ ಅಂಕಿಯನ್ನು ಇನ್ನೊಂದು ವಾರದ ಅಂಕಿಯ ಜೊತೆ ಹೋಲಿಸಬೇಕಾದರೆ ಉಳಿದದ್ದೆಲ್ಲ ಬದಲಾಗದೆ ಇರಬೇಕು ಎಂದು ನಮಗೆ ಕಲಿಸಿದ್ದರು. ನಾನು ಆ ನಿಯಮವನ್ನು ಮಡಿಯಂತೆ ಪಾಲಿಸಿದೆ. ರಾಮದುರ್ಗದ ಅಂಗಡಿಗೆ ನಾನು ಕಾಲಿಡುವಾಗ ಗಡಿಯಾರದಲ್ಲಿ ಹತ್ತು ಗಂಟೆ.

ನಮ್ಮದು ಸವದತ್ತಿಯ ಪೌರೋಹಿತ್ಯದ ಮನೆ. ಅಪ್ಪ ಯುಗಾದಿಯ ದಿನ ಪಂಚಾಂಗ ಓದಿ ಈ ವರ್ಷ ಧಾನ್ಯ ಅಗ್ಗವೋ ತುಟ್ಟಿಯೋ ಎಂದು ಹೇಳುತ್ತಿದ್ದರು. ನಾನು ನೌಕರಿಗೆ ಸೇರಿದ ಮೇಲೆ, “ನಾ ವರ್ಷಕ್ಕೊಮ್ಮೆ ಹೇಳ್ತೇನಿ, ನೀ ವಾರಕ್ಕೊಮ್ಮೆ ಹೇಳ್ತಿ. ನನ್ನದು ಸುಳ್ಳಾದ್ರ ಗ್ರಹಗಳ ಮ್ಯಾಲೆ ಹಾಕ್ಲಿಕ್ಕೆ ಬರ್ತದ. ನಿನ್ನದು ಸುಳ್ಳಾದ್ರ ಯಾರ ಮ್ಯಾಲೆ ಹಾಕ್ತೀಯೋ?” ಎಂದು ಚೇಷ್ಟೆ ಮಾಡಿದರು. ನನಗೆ ಸಿಟ್ಟು ಬಂದಿತ್ತು. ಅಂಕಿ ಸುಳ್ಳಾಗುವುದಿಲ್ಲ, ಅದು ಶಾಸ್ತ್ರವಲ್ಲ, ಲೆಕ್ಕ ಎಂದು ಎದುರುತ್ತರ ಕೊಟ್ಟೆ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಯಾವ ಪೇಟೆಯಲ್ಲಿ ಜೋಳದ ದರ ಗೊತ್ತುಪಡಿಸಿದ ಮಿತಿಯನ್ನು ಸತತ ಮೂರು ವಾರ ದಾಟುತ್ತದೋ ಆ ಊರಿಗೆ ಸರ್ಕಾರದ ಜೋಳ ಬರುತ್ತದೆ, ಅಗ್ಗದ ಧಾನ್ಯದ ಅಂಗಡಿ ತೆರೆಯುತ್ತದೆ. ದಾಟಿತೋ ಇಲ್ಲವೋ ಎಂದು ನೋಡುವುದು ನಮ್ಮ ತಖ್ತೆಯಿಂದಲೇ. ಸವದತ್ತಿ ಮಿತಿ ದಾಟಿತು, ನಾಲ್ಕನೆಯ ವಾರ ಅಲ್ಲಿ ಲಾರಿ ಬಂದು ನಿಂತಿತು. ಬೈಲಹೊಂಗಲ, ಕಿತ್ತೂರುಗಳಿಗೂ ಬಂತು. ರಾಮದುರ್ಗದ ಹೆಸರಿನ ಮುಂದೆ ‘ಅವಶ್ಯಕತೆ ಇಲ್ಲ’ ಎಂದು ಬರೆದು ಬಂತು. ಸಾಹೇಬರು, ಅಂದರೆ ನಮ್ಮ ಕಚೇರಿಯ ಮುಖ್ಯಸ್ಥರು, ಆ ಕಾಗದವನ್ನು ನನಗೆ ತೋರಿಸಿ ನಕ್ಕರು. ಒಂದು ಊರಾದರೂ ತಣ್ಣಗಿದೆಯಲ್ಲ ಎಂದು ನನಗೂ ಸಮಾಧಾನವಾಯಿತು.

ಆದರೆ ಆ ಊರಿನ ತಣ್ಣಗಿರುವಿಕೆಯಲ್ಲಿ ಏನೋ ಸರಿ ಇರಲಿಲ್ಲ. ರಾಮದುರ್ಗದಲ್ಲಿ ಇಳಿದು ಪೇಟೆಗೆ ಹೋಗುವ ದಾರಿಯಲ್ಲಿ ನೇಕಾರರ ಓಣಿ ಸಿಗುತ್ತಿತ್ತು. ಮನೆ ಮನೆಯಲ್ಲೂ ಕುಣಿಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುವ ಮಗ್ಗಗಳು. ಮೊದಲು ಆ ಓಣಿ ದಾಟುವಾಗ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಅಷ್ಟು ಸದ್ದು. ಈಗೀಗ ಒಂದೊಂದು ಮಗ್ಗದ ಸದ್ದು ಬೇರೆ ಬೇರೆಯಾಗಿ ಕೇಳತೊಡಗಿತ್ತು. ಮೊದಲ ಸಲ ಅಮಾವಾಸ್ಯೆ ಇರಬೇಕು, ಮಗ್ಗಕ್ಕೆ ರಜೆ ಅಂದುಕೊಂಡೆ. ಮುಂದಿನ ವಾರವೂ ಅಮಾವಾಸ್ಯೆ ಬರುವುದಿಲ್ಲವಲ್ಲ.

ಪಾತ್ರೆ ಅಂಗಡಿಯ ಮುಂದೆ ಹಳೆಯ ಹಿತ್ತಾಳೆ ಸಾಮಾನು ರಾಶಿ ಬೀಳುತ್ತಿತ್ತು. ತಂಬಿಗೆ, ಹರಿವಾಣ, ಕೊಡ. ಕೆಲವುಗಳ ಕಂಠದ ಮೇಲೆ ಕೊಟ್ಟವರ ಹೆಸರು, ಮದುವೆಯ ತಿಥಿ ಕೆತ್ತಿಸಿದ್ದು ಹಾಗೇ ಇತ್ತು. ಅವನ್ನು ಓದುತ್ತ ಒಮ್ಮೆ ನಿಂತೆ. ಅಂಗಡಿಯವನು, “ತಗೊಳ್ಳೂದಿದ್ರ ತಗೋರಿ, ನೋಡ್ಕೋತ ನಿಂದರಬ್ಯಾಡ್ರಿ” ಎಂದ. ನನ್ನ ಪಟ್ಟಿಯ ಇಪ್ಪತ್ತೆಂಟು ಪದಾರ್ಥಗಳಲ್ಲಿ ಹಳೆಯ ಹಿತ್ತಾಳೆ ಇರಲಿಲ್ಲ. ಹೀಗಾಗಿ ನಾನು ಅದನ್ನು ಎಲ್ಲಿಯೂ ಬರೆಯಲಿಲ್ಲ.

ಪೇಟೆಯಲ್ಲಿ ನನಗೆ ಗೊತ್ತುಪಡಿಸಿದ ಅಂಗಡಿಯ ಸಾವಕಾರರು ಒಳ್ಳೆಯ ಮಾತಿನ ಮನುಷ್ಯ. ಬೇಳೆ, ಬೆಲ್ಲಕ್ಕೆ ಅವರ ಅಂಗಡಿಯಲ್ಲಿ ತಕ್ಕಡಿ ಇತ್ತು. ಜೋಳವನ್ನು ಮಾತ್ರ ಆ ಪೇಟೆಯಲ್ಲಿ ಇನ್ನೂ ಸೇರಿನಿಂದಲೇ ಅಳೆದು ಕೊಡುತ್ತಿದ್ದರು. ಕಿಲೋ ಬಂದು ವರ್ಷಗಳಾಗಿದ್ದರೂ ಬಡವರ ಜೋಳಕ್ಕೆ ಅದು ಬಂದಿರಲಿಲ್ಲ. ಅಳತೆಯ ಅಧಿಕಾರಿ ಬಂದಾಗ ಸೇರು ಮೂಟೆಯ ಸಂದಿಗೆ ಹೋಗುತ್ತಿತ್ತು, ಅವರು ಹೋದ ಮೇಲೆ ಹೊರಗೆ ಬರುತ್ತಿತ್ತು. ನಮ್ಮ ತಖ್ತೆಯಲ್ಲೂ ಇದಕ್ಕೆ ಅನುಕೂಲವಿತ್ತು: ‘ಸ್ಥಳೀಯ ಅಳತೆ’ ಎಂಬ ಕಾಲಮ್ಮಿನಲ್ಲಿ ಸೇರಿನ ದರ ಬರೆದು, ಕಚೇರಿಯ ಕೋಷ್ಟಕ ನೋಡಿ ಕಿಲೋಗೆ ತಿರುಗಿಸುವುದು. ಒಂದು ಸೇರಿಗೆ ಇಷ್ಟು ತೂಕ ಎಂದು ಆ ಕೋಷ್ಟಕವನ್ನು ಯಾವ ಕಾಲದಲ್ಲೋ ಯಾರೋ ತೂಗಿ ಬರೆದಿಟ್ಟಿದ್ದರು.

“ಬರ್ರಿ ರಾಯರ, ಕುಂದ್ರರಿ” ಎಂದು ಸಾವಕಾರರು ಗಾದಿ ತೋರಿಸುತ್ತಿದ್ದರು. ಚಹಾ ತರಿಸುತ್ತಿದ್ದರು. ಆಮೇಲೆ ಆಳಿಗೆ ಸನ್ನೆ ಮಾಡಿದರೆ ಅವನು ಸೇರನ್ನು ಮೂಟೆಯೊಳಗೆ ಮುಳುಗಿಸಿ ಎತ್ತುತ್ತಿದ್ದ. ಸೇರಿನ ಬಾಯಿಯ ಮೇಲೆ ಜೋಳ ಗುಡ್ಡದ ಹಾಗೆ ನಿಂತಿರುತ್ತಿತ್ತು, ಅಂಚಿನಿಂದ ನಾಲ್ಕು ಕಾಳು ಉದುರುತ್ತಿದ್ದವು. ಮೊದಲ ಸೇರಿಗೆ ‘ಒಂದು’ ಅನ್ನಬಾರದು, ‘ಲಾಭ’ ಅನ್ನಬೇಕು. ಆಳು “ಲಾಭಾ” ಎಂದು ರಾಗ ಎಳೆದು ಅದನ್ನು ಅಗಲ ತಟ್ಟೆಯಂಥ ಪರಡಿಗೆ ಸುರಿಯುತ್ತಿದ್ದ. “ನೋಡಿದ್ರೆಲ್ಲ? ದರ ಹೋದ ವಾರದ್ದ” ಎಂದು ಸಾವಕಾರರು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಕಣ್ಣಾರೆ ನೋಡಿ ಬರೆದ ಅಂಕಿಗಿಂತ ಹೆಚ್ಚಿನ ಸತ್ಯ ಇನ್ನೇನು ಬೇಕು?

ಹನ್ನೆರಡನೆಯ ವಾರ ದಾರಿಯಲ್ಲಿ ಬಸ್ಸಿನ ಟೈರು ಸಿಡಿಯಿತು. ಬದಲಿ ಟೈರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ರಾಮದುರ್ಗ ಮುಟ್ಟಿದಾಗ ಸೂರ್ಯ ಗುಡ್ಡದ ಅಂಚಿಗೆ ಬಂದಿದ್ದ. ನಿಯಮದ ಪ್ರಕಾರ ಮರುದಿನ ಹತ್ತಕ್ಕೆ ಹೋಗಬೇಕಿತ್ತು. ಮರುದಿನ ಕಿತ್ತೂರಿನ ಸರದಿ ಇದ್ದುದರಿಂದ ಇರಲಿ ಎಂದು ಆಗಲೇ ಪೇಟೆಗೆ ನಡೆದೆ.

ಅಂಗಡಿಯ ಮುಂದೆ ಗುಂಪು ಇತ್ತು. ನೇಯ್ದ ಸೀರೆ ಕೊಟ್ಟು ಮಜೂರಿ ತಂದವರು, ಕೂಲಿ ಮುಗಿಸಿ ಬಂದವರು. ಇವರೆಲ್ಲ ಸಂಜೆಯೇ ಕೊಳ್ಳುವವರು, ಬೆಳಿಗ್ಗೆ ಅವರ ಕೈಯಲ್ಲಿ ಏನೂ ಇರುವುದಿಲ್ಲ ಎನ್ನುವುದು ನನಗೆ ಆವರೆಗೆ ಹೊಳೆದಿರಲೇ ಇಲ್ಲ. ಗುಂಪು ಅಂದರೆ ಗದ್ದಲ ಇರಬೇಕು. ಅಲ್ಲಿ ಯಾರೂ ಚೌಕಾಶಿ ಮಾಡುತ್ತಿರಲಿಲ್ಲ, ಯಾರೂ ಜಗಳ ತೆಗೆಯುತ್ತಿರಲಿಲ್ಲ. ಹಿಂದೆ ಕಂಬದ ಪಕ್ಕ ನಿಂತುಕೊಂಡೆ.

ಮುಂದೆ ಒಬ್ಬ ವಯಸ್ಸಾದ ಹೆಂಗಸು ಸೆರಗು ಒಡ್ಡಿ ನಿಂತಿದ್ದಳು. ಬೆರಳುಗಳಿಗೆ ನೂಲಿನ ಬಣ್ಣ ಹತ್ತಿತ್ತು. ಅದೇ ಆಳು ಅದೇ ಸೇರನ್ನು ಮೂಟೆಯ ಮೇಲಷ್ಟೇ ಆಡಿಸಿ ಎತ್ತಿದ. ಅಂಗೈಯಿಂದ ಸೇರಿನ ಬಾಯಿ ಒರೆಸಿದ. ಗುಡ್ಡ ಹೋಗಲಿ, ಒರೆಸಿದ ಕೈ ಅಂಚಿನ ಒಳಗೇ ಒಂದಿಷ್ಟು ಇಳಿದು ಹೋಯಿತು. “ಲಾಭಾ” ಎಂದ.

“ಎಪ್ಪಾ,” ಎಂದಳು ಆಕೆ, “ಮುಂಜಾನಿ ಬರೋ ರಾಯರಿಗಿ ಅಳದ ತೋರಸ್ತೀಯಲ್ಲ, ಹಂಗ ನನಗೂ ಒಂದ್ಸಲ ಅಳಿಯೋ. ತಿನ್ನಾಕ ಬ್ಯಾಡ, ನೋಡಾಕರೆ.”

ಗುಂಪಿನಲ್ಲಿ ಯಾರೋ ಮೂಗಿನಿಂದ ನಕ್ಕರು. ಸಾವಕಾರರು ತಲೆ ಎತ್ತಿದರು, ಕಂಬದ ಪಕ್ಕ ನನ್ನನ್ನು ಕಂಡರು. “ಅಯ್ಯ, ರಾಯರ! ಈ ಹೊತ್ತಿನ್ಯಾಗ?” ಎಂದರು. ಎಲ್ಲರೂ ತಿರುಗಿ ನೋಡಿದರು. ನಾಚಿಕೆ ಎಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ವಾರ ವಾರವೂ ಆ ಗುಡ್ಡದ ಸೇರು ನೋಡಿ ಹೋಗುವ ಮೂರ್ಖ ಯಾರೆಂದು ಇಡೀ ಪೇಟೆಗೆ ತಿಳಿದಿತ್ತು.

ಗುಂಪು ಕರಗಿದ ಮೇಲೆ ಕೇಳಿದೆ. ಸಾವಕಾರರು ಬೇಸರ ಮಾಡಿಕೊಳ್ಳಲಿಲ್ಲ. “ಹಿಂದೊಮ್ಮೆ ದರಾ ಏರಿಸಿದ್ವಿ. ಇಡೀ ಓಣಿ ಬಂದು ಅಂಗಡಿ ಮುಂದ ಕುಂತ್ರು. ಅದಕ್ಕ ಪೇಟಿಯವರೆಲ್ಲಾ ಕೂಡಿ ಮಾತಾಡಿದ್ವಿ, ದರಾ ಮುಟ್ಟೂದು ಬ್ಯಾಡ ಅಂತ. ನಾವು ದರಾ ಏರಿಸಿಲ್ರಿ. ನೀವ ಬರದೀರಲ್ಲ?” ಎಂದರು.

ರಾಮದುರ್ಗದಲ್ಲಿ ನಮ್ಮ ಕಚೇರಿಯ ಒಂದು ಕೋಣೆ ಇತ್ತು, ಅದಕ್ಕೊಬ್ಬ ಪಟ್ಟೇವಾಲಾ, ಅಂದರೆ ಜವಾನ. ನಡುವಯಸ್ಸಿನವನು, ಅದೇ ಊರಿನವನು, ಮನೆಯಲ್ಲಿ ಬುದ್ಧನ ಪಟಕ್ಕೆ ದಿನಾ ಹೂ ಏರಿಸಿಯೇ ಕೆಲಸಕ್ಕೆ ಬರುವವನು. ನಾನು ಬುಸುಗುಡುತ್ತ ನಡೆದದ್ದನ್ನು ಹೇಳಿದರೆ ಅವನು ಬೀಗದ ಕೈ ತಿರುವುತ್ತ ಕೇಳಿಸಿಕೊಂಡ.

“ನಿನಗ ಗೊತ್ತಿತ್ತೇನು?”

“ನಮ್ಮ ಮನಿಯಾಕಿನೂ ಅಲ್ಲೇ ತರತಾಳ್ರಿ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ದರಾ ಕೇಳಾಕ ಬರ್ತೀರಿ ರಾಯರ. ಸೇರಿನ್ಯಾಗ ಎಷ್ಟ ಬರತೈತಿ ಅಂತ ಯಾರ ಕೇಳೀರಿ?” ಎಂದ. ಆಮೇಲೆ, “ತೂಗಿ ನೋಡೂಣೇನ್ರಿ?” ಎಂದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಗಾದೆ ಇದೆ. ಹನ್ನೊಂದು ವಾರ ಪ್ರತ್ಯಕ್ಷ ಕಂಡೆನಲ್ಲ, ಇನ್ನು ಪ್ರಮಾಣಿಸಬೇಕಿತ್ತು.

ಕಿತ್ತೂರಿನ ಭೇಟಿಯನ್ನು ಒಂದು ದಿನ ಮುಂದೂಡಿದೆ. ಮುದ್ರೆ ಒತ್ತಿದ ಕಬ್ಬಿಣದ ತೂಕದ ಬಟ್ಟುಗಳು ಕೋಣೆಯಲ್ಲಿದ್ದವು. ತಕ್ಕಡಿ ಓಣಿಯಲ್ಲೇ ಸಿಕ್ಕಿತು, ನೂಲು ತೂಗುವುದು. ಮರುದಿನ ಸಂಜೆ, ಜೋಳ ತಂದವರು ಮನೆ ಸೇರುವ ಹೊತ್ತಿಗೆ, ಓಣಿಯ ಕಟ್ಟೆಯ ಮೇಲೆ ನಾವಿಬ್ಬರೂ ಕುಳಿತೆವು. ಹೆಂಗಸರು ದೂರದಿಂದಲೇ ನೋಡಿ ಬಾಗಿಲು ಮುಂದೆ ಮಾಡಿಕೊಂಡರು. “ನಮ್ಮ ಕಾಳೂ ಕಸಗೊಂಡ ಹೋಗಾಕ ಬಂದಾರೇನ?” ಎಂದು ಒಳಗಿನಿಂದ ಒಂದು ದನಿ ಕೇಳಿತು. ಇನ್ನೊಂದು ತೊಡಕೂ ಇತ್ತು. ದೀಪ ಹಚ್ಚಿದ ಮೇಲೆ ಮನೆಯ ಕಾಳನ್ನು ಹೊರಗೆ ಒಯ್ದು ಅಳೆಯಲು ಯಾರೂ ಒಪ್ಪುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ. ಪುರೋಹಿತರ ಮನೆಯವನಾದ ನಾನು ಅದಕ್ಕೆ ಎದುರಾಡುವ ಹಾಗಿರಲಿಲ್ಲ. ದೀಪ ಹಚ್ಚಲು ಅರ್ಧ ತಾಸು ಉಳಿದಿತ್ತು.

ಆಗ ನಿನ್ನೆಯ ಆ ಹೆಂಗಸು ತನ್ನ ಬಾಗಿಲಿನಿಂದ ಇಳಿದು ಬಂದಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಮಗನಿಗೆ ಕೊಡುವುದು ಆಕೆಯ ಕೆಲಸ, ನೇಯುವವನು ಮಗ. ಸೆರಗಿನ ಗಂಟು ಬಿಚ್ಚಿ ಜೋಳವನ್ನು ತಾನೇ ತಕ್ಕಡಿಗೆ ಸುರಿದಳು. “ತೂಗ್ರಿ. ಇರೂದ ಹೋಗೂದಿಲ್ಲ, ಹೋಗಿದ್ದಂತೂ ಎಂದೋ ಹೋಗೇತಿ” ಎಂದಳು. ಆಕೆಯ ಹಿಂದೆ ಒಬ್ಬೊಬ್ಬರೇ ಬಂದರು.

ಹದಿನಾಲ್ಕು ಮನೆಯ ಜೋಳ ತೂಗಿದೆವು. ಒಂದೊಂದು ಸಲವೂ ತಕ್ಕಡಿಯ ಪರಡಿ ಅದಲುಬದಲು ಮಾಡಿ ಎರಡು ಬಾರಿ ತೂಗಿ ಬರೆದೆ. ಕೋಷ್ಟಕ ಹೇಳುವ ಸೇರಿನಲ್ಲಿ ಕಾಲು ಭಾಗ ಇರಲೇ ಇಲ್ಲ. ಮೇಲಿನ ಗುಡ್ಡ ಒರೆಸಿದ್ದಕ್ಕೆ ಇಷ್ಟು ಹೋಗಲಾರದು ಎಂದು ನಾನು ಲೆಕ್ಕ ಹಾಕುತ್ತಿದ್ದರೆ ಪಟ್ಟೇವಾಲಾ, “ಸೇರಿನ ತಳಾ ನೋಡೀರೇನ್ರಿ?” ಎಂದ. ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದು ತಳವನ್ನು ಒಳಗೆ ಉಬ್ಬಿಸಿದ್ದಾರಂತೆ. ನನಗೆ ತೋರಿಸುವ ಸೇರನ್ನು ಗುಡ್ಡ ಮಾಡಿ ತುಂಬಿಸುತ್ತಿದ್ದುದು ಆ ಉಬ್ಬನ್ನು ಮುಚ್ಚುವುದಕ್ಕೂ ಹೌದು. ಕೊಳ್ಳುವವರಲ್ಲಿ ಅರ್ಧ ಮಂದಿ ಈಗ ಸೇರು ಕೊಳ್ಳುವುದನ್ನೇ ಬಿಟ್ಟು ಅರ್ಧ ಸೇರಿನ ಅಚ್ಚೇರಿಗೆ, ಕಾಲು ಸೇರಿನ ಪಾವಿಗೆ ಇಳಿದಿದ್ದರು. ಸಣ್ಣ ಅಳತೆಯಲ್ಲಿ ಮೋಸ ಇನ್ನೂ ದೊಡ್ಡದು. ದರ ಮಾತ್ರ ಹೋದ ವಾರದ್ದೇ. ನಿಜವಾದ ತೂಕಕ್ಕೆ ತಿರುಗಿಸಿದರೆ, ಓಣಿಯವರ ನೆನಪಿನ ಪ್ರಕಾರ, ರಾಮದುರ್ಗ ಎಂದೋ ಮಿತಿ ದಾಟಿತ್ತು, ಸವದತ್ತಿಗಿಂತಲೂ ಮೊದಲು.

ಎಲ್ಲರೂ ಹೋದ ಮೇಲೆ ಆ ಹೆಂಗಸು ನಮ್ಮನ್ನು ಒಳಗೆ ಕರೆದಳು. ಬರಿಯ ಮನೆ. ಗೋಡೆಯ ಹಲಗೆಯ ಮೇಲೆ ಹಿತ್ತಾಳೆ ಇದ್ದ ಜಾಗದಲ್ಲಿ ದುಂಡು ದುಂಡು ಗುರುತುಗಳಿದ್ದವು. ನಡುಮನೆಯಲ್ಲಿ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ಮಗ ಕುಣಿಯಲ್ಲಿ ಕಾಲು ಬಿಟ್ಟು ಸುಮ್ಮನೆ ಕುಳಿತಿದ್ದ, ತಲೆ ಎತ್ತಲಿಲ್ಲ. ಸೊಸೆಯ ಮಡಿಲಲ್ಲಿ ಅಂಬೆಗಾಲಿಡುವ ಕೂಸು ಇತ್ತು.

“ಇದೊಂದ ಉಳದೈತ್ರಿ,” ಎಂದಳು ಮಗ್ಗದ ಮೇಲೆ ಕೈ ಇಟ್ಟು. “ಹಳೇ ಕಟಗಿ ಕೊಳ್ಳೂ ಅಡ್ಡೆಯವ ಎರಡ ಸಲ ಬಂದು ನೋಡಿ ಹೋಗ್ಯಾನ. ಇದನ್ನ ಮಾರಿ ಇಚಲಕರಂಜಿಗೆ ಹೊಕ್ಕೇನಿ, ಅಲ್ಲಿ ಮಷಿನ್ ಮಗ್ಗದ ಮ್ಯಾಲೆ ಕೂಲಿ ಸಿಗತೈತಿ ಅಂತಾನ ಇವ. ಮಗ್ಗ ಇದ್ರ ನೇಕಾರ್ರು, ಇಲ್ಲಂದ್ರ ಯಾರ ನಾವು? ಇನ್ನ ಹದಿನೈದ ದಿನಾ ತಡಿಯೋ ಅಂದೇನಿ. ಸವದತ್ತಿಗೆ ಸರಕಾರದ ಜ್ವಾಳ ಬಂದೈತಂತಲ್ರಿ. ನಮಗ್ಯಾವಾಗ ಬರತೈತಿ?”

“ಬರ್ತದ. ಜಲ್ದಿ ಬರ್ತದ” ಎಂದೆ. ಕೊಡಲು ನನ್ನ ಕೈಯಲ್ಲಿ ಇಲ್ಲದ್ದನ್ನು ಕೊಟ್ಟೆ.

ಬೈಲಹೊಂಗಲದಲ್ಲಿ ಸಾಹೇಬರು ನನ್ನ ತೂಕದ ಪಟ್ಟಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯ ಅಲ್ಲ, ಹೆದರಿಕೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿ ಎರಡು ದಾರಿ ತೋರಿಸಿದರು. ಈ ವಾರದಿಂದ ಹೊಸ ತೂಕದ ಪ್ರಕಾರ ದರ ಬರೆಯುತ್ತ ಹೋಗುವುದು ಒಂದು. ಆಗ ಮೂರು ವಾರದ ಎಣಿಕೆ ಇವತ್ತಿನಿಂದ ಶುರು. ಹಿಂದಿನ ಹನ್ನೊಂದು ವಾರದ ಅಂಕಿಗಳು ತಪ್ಪು ಎಂದು ಲಿಖಿತವಾಗಿ ಬರೆದು ತಿದ್ದಿ ಕಳಿಸುವುದು ಇನ್ನೊಂದು. ಆಗ ಜೋಳ ಕೂಡಲೇ ಬರಬಹುದು.

“ಆದ್ರ ಅದರಾಗ ತಪ್ಪು ಮಾಡಿದವರು ಯಾರು ಅಂತ ಹೆಸರು ಬರೀಬೇಕಾಗ್ತೈತ್ರಿ,” ಎಂದರು. “ನೀವು ಕಾಯಂ ಆಗೂ ಕಾಗದ ಮ್ಯಾಲೆ ಹೋಗೇತಿ, ಇನ್ನ ಎರಡು ತಿಂಗಳು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಮೊದಲನೇದ ಮಾಡ್ರಿ. ಮೂರು ವಾರ ಏನು, ಹಿಂಗಂದ್ರ ಹೋಗ್ತಾವ.”

ಮೂರು ವಾರಕ್ಕೂ ಹದಿನೈದು ದಿನಕ್ಕೂ ನಡುವೆ ಒಂದು ವಾರದ ಅಂತರ ಇದೆ ಎಂದು ನನಗೆ ಗೊತ್ತಿತ್ತು. ಆದರೂ ಮೊದಲನೆಯದನ್ನೇ ಮಾಡಿದೆ. ಮನೆಯಲ್ಲಿ ನನ್ನ ನೌಕರಿ ಕಾಯಂ ಆಗುವುದನ್ನೇ ಕಾಯುತ್ತ ತಂಗಿಯ ಮದುವೆ ನಿಂತಿತ್ತು ಎಂದು ನೆಪ ಹೇಳಬಹುದು. ನೆಪ ನಿಜವೇ. ಆದರೆ ನಿಜವಾದ ಕಾರಣ ಬೇರೆ. ನನ್ನ ತಖ್ತೆಗಳು ಇಡೀ ಜಿಲ್ಲೆಯಲ್ಲಿ ಸ್ವಚ್ಛ ಎಂದು ಹೆಸರಾಗಿದ್ದವು. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಅವುಗಳ ಮೇಲೆ ನಾನೇ ‘ತಪ್ಪು’ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ.

ಒಂದು ವಾರ ಬಿಟ್ಟು ತಖ್ತೆ ತಿರುಗಿ ಬಂತು. ಜೋಳದ ಅಂಕಿಯ ಸುತ್ತ ಕೆಂಪು ಪೆನ್ಸಿಲಿನ ಗೆರೆ: ‘ಒಂದೇ ವಾರದಲ್ಲಿ ಇಷ್ಟು ಏರಿಕೆ ನಂಬಲರ್ಹವಲ್ಲ. ಪುನಃ ಪರಿಶೀಲಿಸಿ.’ ಹನ್ನೊಂದು ವಾರ ಅಲುಗಾಡದ ದರ ಒಮ್ಮೆಲೆ ಜಿಗಿದರೆ ಯಾರು ನಂಬುತ್ತಾರೆ? ನನ್ನದೇ ಹಳೆಯ ಅಂಕಿಗಳು ನನ್ನ ಹೊಸ ಅಂಕಿಯನ್ನು ಸುಳ್ಳು ಮಾಡುತ್ತಿದ್ದವು. ಆ ವಾರ ಎಣಿಕೆಗೆ ಬರಲಿಲ್ಲ. ಪುನಃ ತೂಗಿ, ಪುನಃ ಬರೆದು, ಇಬ್ಬರ ಸಾಕ್ಷಿ ಹಾಕಿಸಿ ಕಳಿಸಿದೆ. ಅದಕ್ಕೆ ಉತ್ತರವೇ ಇಲ್ಲ.

ಮುಂದಿನ ಸಲ ರಾಮದುರ್ಗದಲ್ಲಿ ಇಳಿದಾಗ ನೇಕಾರರ ಓಣಿಯಲ್ಲಿ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳಿಸಿತು. ಮೂರು ಮನೆಗೆ ಬೀಗ. ಕಟಗಿ ಅಡ್ಡೆಯವನ ಬಂಡಿ ಓಣಿಯ ತುದಿಯಲ್ಲಿ ಖಾಲಿ ನಿಂತಿತ್ತು, ಎತ್ತುಗಳನ್ನು ಬಿಚ್ಚಿರಲಿಲ್ಲ. ಅವಸರದಿಂದ ಆ ಹೆಂಗಸಿನ ಮನೆಗೆ ಹೋದೆ. ಮಗ್ಗ ಇತ್ತು. ಹೆಂಗಸು ಕಂಡಿಕೆ ಸುತ್ತುವ ರಾಟೆಯ ಮುಂದೆ ಕುಳಿತಿದ್ದಳು, ಸುತ್ತಲು ನೂಲು ಇರಲಿಲ್ಲ.

“ಹದಿನೈದ ದಿನಾ ಆತ್ರಿ ರಾಯರ.”

“ಕಾಗದ ಹೋಗೇದ. ಮ್ಯಾಲಿನವರು ಒಪ್ಪವಲ್ಲರು.”

“ಅವರ್ಯಾಕ ಒಪ್ಪವಲ್ಲರು?”

ಹೇಳಿದೆ. ಹಿಂದಿನ ಅಂಕಿ, ಮೂರು ವಾರ, ಕೆಂಪು ಪೆನ್ಸಿಲು, ತಪ್ಪೊಪ್ಪಿಗೆಯ ಕಾಗದ, ಎಲ್ಲವನ್ನೂ. ಏಕೆ ಹೇಳಿದೆನೋ ಗೊತ್ತಿಲ್ಲ, ಆಕೆಯ ಮುಂದೆ ಮುಚ್ಚಿಡಲು ಆಗಲಿಲ್ಲ. ಆಕೆ ಎಲ್ಲ ಕೇಳಿ ರಾಟೆಯನ್ನು ಒಂದು ಸುತ್ತು ಸುಮ್ಮನೆ ತಿರುಗಿಸಿದಳು.

“ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರ್ರಿ. ನೀವು ಪೂಜಾರಿ ಮಂದಿನ ಅಲ್ರಿ?” ಎಂದಳು. ನಗುತ್ತಲೇ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದು ಪಟ್ಟೇವಾಲಾನ ಕೋಣೆಯಲ್ಲೇ ಕುಳಿತು ಬರೆದೆ. ‘ಹನ್ನೊಂದು ವಾರ ನಾನು ಕಳಿಸಿದ ಜೋಳದ ದರ ಸರಿಯಾಗಿಲ್ಲ. ನಾನು ದರ ಕೇಳಿದೆ, ಅಳತೆಯನ್ನು ಪರೀಕ್ಷಿಸಲಿಲ್ಲ. ಜನ ಕೊಳ್ಳದ ಹೊತ್ತಿಗೆ ಹೋಗಿ, ಜನರಿಗೆ ಕೊಡದ ಸೇರನ್ನು ನೋಡಿ ಬರೆದೆ. ತಪ್ಪು ಸಂಪೂರ್ಣ ನನ್ನದು.’ ಹದಿನಾಲ್ಕು ಮನೆಯ ತೂಕ ಲಗತ್ತಿಸಿದೆ. ವಾರ ವಾರದ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಹೊಸ ಅಂಕಿ ಬರೆದೆ. ಸೇರಿನ ತಳ ಯಾವ ವಾರ ಬಡಿದರು ಎಂದು ನನಗೆ ತಿಳಿಯದು, ಓಣಿಯ ಹೆಂಗಸರು ನೆನಪಿನಿಂದ ಹೇಳಿದ್ದನ್ನು ಹಾಗೆಂದೇ ಕಾಣಿಸಿದೆ. ಪಟ್ಟೇವಾಲಾ ಓದಿಸಿಕೊಂಡು ಕೇಳಿದ. “ಇದನ್ನ ಹದಿನೈದ ದಿನದ ಹಿಂದನ ಬರದಿದ್ರ ಚಲೋ ಇತ್ತ ನೋಡ್ರಿ” ಎಂದ. ಅವನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಸಿಟ್ಟು ಬಂತು. ಅವನು ಹೇಳಿದ್ದು ಖರೆ.

ಕಾಗದವನ್ನು ಬೈಲಹೊಂಗಲದ ಮೂಲಕ ಕಳಿಸದೆ ನಾನೇ ಜಿಲ್ಲಾ ಕಚೇರಿಗೆ ಒಯ್ದು ಕೊಟ್ಟೆ. ಅದು ಎರಡನೆಯ ತಪ್ಪಾಯಿತು. ಸಾಹೇಬರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಕಾಯಂ ಆಗುವ ಕಾಗದ ಒಂದು ವರ್ಷಕ್ಕೆ ಮುಂದೆ ಹೋಯಿತು. ಅಪ್ಪನಿಗೆ ಹೇಳಿದಾಗ ಅವರು ಚೇಷ್ಟೆ ಮಾಡಲಿಲ್ಲ, ಊಟಕ್ಕೆ ಏಳು ಎಂದಷ್ಟೇ ಹೇಳಿದರು.

ಹತ್ತನೆಯ ದಿನ ಆದೇಶ ಬಂತು. ರಾಮದುರ್ಗಕ್ಕೆ ಅಗ್ಗದ ಧಾನ್ಯದ ಅಂಗಡಿ, ಕಿಲೋ ತೂಕದಲ್ಲಿ, ಮನೆಗೊಂದು ಚೀಟಿ. ನೇಕಾರರ ಓಣಿಯ ಚೀಟಿಗಳನ್ನು ಹಂಚುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಬಸ್ಸಿನಲ್ಲಿ ಚೀಟಿಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪೇಟೆಯ ಹತ್ತಿರ ಲಾರಿ ನಿಂತಿತ್ತು, ಹಮಾಲರು ಚೀಲ ಇಳಿಸುತ್ತಿದ್ದರು. ಸಾವಕಾರರ ಅಂಗಡಿಯಲ್ಲಿ ತಕ್ಕಡಿ ಮುಂದಕ್ಕೆ ಬಂದಿತ್ತು, ಸೇರು ಕಾಣಲಿಲ್ಲ.

ಆ ಮನೆಯ ಬಾಗಿಲು ತೆರೆದಿತ್ತು. ನಡುಮನೆ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಕಂಡಿತು. ಮಗ್ಗ ಇರಲಿಲ್ಲ. ನೆಲದಲ್ಲಿ ಕುಣಿ ಮಾತ್ರ ಬಾಯಿ ತೆರೆದುಕೊಂಡಿತ್ತು. ಹೆಂಗಸು ಹಿತ್ತಲಿನಿಂದ ಬುಟ್ಟಿಯಲ್ಲಿ ಮಣ್ಣು ತಂದು ಅದರೊಳಗೆ ಸುರಿಯುತ್ತಿದ್ದಳು. ಸೊಸೆ ಮೂಲೆಯಲ್ಲಿ ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಿದ್ದಳು.

“ಮೊನ್ನಿ ಒಯ್ದ್ರಿ,” ಎಂದಳು ನಾನು ಕೇಳುವ ಮೊದಲೇ. “ಮಗ ನಿನ್ನಿ ಗಾಡಿ ಹತ್ತಿದ. ಕೂಸು ಅಂಬೆಗಾಲಿಡತೈತಿ, ಕುಣ್ಯಾಗ ಬಿದ್ದೀತು ಅಂತ ಮುಚ್ಚಾಕ ಹತ್ತೇನಿ.”

ಚೀಟಿ ಕೊಟ್ಟೆ. ಆಕೆ ಕೈ ಝಾಡಿಸಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಎಷ್ಟು ಕಿಲೋ, ಯಾವತ್ತು ಎಂದು ಕೇಳಿದಳು, ಹೇಳಿದೆ. ಲೆಕ್ಕ ನನಗೆ ಬರುತ್ತಿತ್ತು. ಮಗ್ಗ ಹೋದದ್ದು ಮೊನ್ನೆ, ನಾನು ಕಾಗದ ಬರೆಯದೆ ಕಳೆದದ್ದು ಎರಡು ವಾರ. ಆಕೆಗೂ ಆ ಲೆಕ್ಕ ಗೊತ್ತಿತ್ತು. ನಾನೇ ಹೇಳಿದ್ದೆನಲ್ಲ.

ಆಕೆ ಇನ್ನೊಂದು ಬುಟ್ಟಿ ಸುರಿದು ಕಾಲಿನಿಂದ ಮಣ್ಣು ಒತ್ತಿದಳು. ಒತ್ತುವಷ್ಟು ಭಾರ ಆಕೆಯಲ್ಲಿ ಉಳಿದಿರಲಿಲ್ಲ. ಮಣ್ಣು ಹಾಗೇ ಸಡಿಲವಾಗಿ ನಿಂತಿತು. ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ನೀವು ಉಂಡ ಮೈಯವರದೀರಿ. ಇಳದು ಒಂದಿಷ್ಟು ತುಳದು ಕೊಡ್ರಿ” ಎಂದಳು.

ಚಪ್ಪಲಿ ಬಿಟ್ಟು ಇಳಿದೆ. ಆಕೆ ಸುರಿಯುತ್ತ ಹೋದಳು, ನಾನು ತುಳಿಯುತ್ತ ಹೋದೆ, ನೆಲ ಸಮವಾಗುವ ತನಕ.